ಬೈಪಾಸ್ ಆಗಿ ಒಂಬತ್ತು ವಾರ, ತೂಕ ಇಳೀತಿದೆ ಆದ್ರೆ ಡಿಪ್ರೆಶನ್ ವಾಪಸ್ ಬಂದಿದೆ. ಮಾತ್ರೆ ಮೈಗೆ ಹತ್ತುತ್ತಿಲ್ವಾ?

ತುಂಗಾ_ದಡ:
ಎಲ್ರಿಗೂ ನಮಸ್ಕಾರ. ಇಲ್ಲಿ ಸುಮಾರು ದಿನದಿಂದ ಓದ್ತಿದೀನಿ, ಬರೀತಿರೋದು ಇದೇ ಮೊದಲು. ಶಿವಮೊಗ್ಗ ಕಡೆಯವಳು, ವಯಸ್ಸು 38, ಪ್ರೈಮರಿ ಸ್ಕೂಲ್ ಟೀಚರ್. ಒಂಬತ್ತು ವಾರದ ಹಿಂದೆ ಬೆಂಗಳೂರಲ್ಲಿ ತೂಕ ಇಳಿಸೋಕೆ ಹೊಟ್ಟೆಗೆ ಮಾಡೋ ಗ್ಯಾಸ್ಟ್ರಿಕ್ ಬೈಪಾಸ್ ಆಪರೇಷನ್ ಮಾಡಿಸ್ಕೊಂಡೆ. 118 ಕೆಜಿ ಇದ್ದೆ, ಈಗ 99. ಶುಗರ್ ಮಾತ್ರೆ ನಿಲ್ಸಿದಾರೆ, ಮಂಡಿ ನೋವು ಕಮ್ಮಿ ಆಗಿದೆ, ಸ್ಕೂಲ್ ಮೆಟ್ಟಿಲು ಹತ್ತಿದ್ರೆ ಮೊದಲಿನ ತರ ಏದುಸಿರು ಬರಲ್ಲ. ನೋಡಿದೋರೆಲ್ಲ ಎಷ್ಟು ಚೆನ್ನಾಗಿ ಆಗಿದೀರ ಅಂತಾರೆ.

ನನ್ನ ಕಷ್ಟ ಏನಂದ್ರೆ, ಐದು ವರ್ಷದಿಂದ ಡಿಪ್ರೆಶನ್‌ಗೆ ವೆನ್ಲಾಫಾಕ್ಸಿನ್ ಎಕ್ಸ್‌ಆರ್ ಕ್ಯಾಪ್ಸೂಲ್ ತಗೋತಿದೀನಿ, ಅದರಿಂದ ನಾನು ಮನುಷ್ಯಳಾಗಿದ್ದೆ ಅಂತಾನೇ ಹೇಳ್ಬೇಕು, ಆಪರೇಷನ್ ಆದಮೇಲೂ ಒಂದು ದಿನ ತಪ್ಪಿಸಿಲ್ಲ. ಆದ್ರೆ ಮೂರನೇ ವಾರದಿಂದ ಶುರುವಾಯ್ತು ನೋಡಿ, ಕತ್ತು ತಿರುಗಿಸಿದ್ರೆ ತಲೆಯೊಳಗೆ ಕರೆಂಟ್ ಹೊಡೆದ ಹಾಗೆ ಒಂದು ಝಲಕ್, ರಾತ್ರಿ ಕೆಟ್ಟ ಕೆಟ್ಟ ಕನಸು, ಬೆಳಿಗ್ಗೆ ಎದ್ದರೆ ಎದೆ ಮೇಲೆ ಕಲ್ಲು ಇಟ್ಟ ಹಾಗೆ, ಬಚ್ಚಲಮನೆ ನಲ್ಲಿ ಬಿಟ್ಕೊಂಡು ಅಳ್ತೀನಿ ಹೊರಗೆ ಕೇಳಬಾರದು ಅಂತ. ನಮ್ಮತ್ತೆ ಪಾಪ ಮೊದಲ ತಿಂಗಳು ಮಗೂಗೆ ಹಾಲು ಕುಡಿಸೋ ಬೆಳ್ಳಿ ಒಳಲೆ ತಂದು ಅದರಲ್ಲೇ ಅಳತೆ ಮಾಡಿ ರಾಗಿ ಗಂಜಿ ಕೊಡ್ತಿದ್ರು, ಗುಟುಕು ಗುಟುಕಾಗಿ ಕುಡಿ ಅಂತ ಪಕ್ಕದಲ್ಲೇ ಕೂತಿರೋರು. ಇಷ್ಟು ನೋಡ್ಕೊಳ್ಳೋರು ಇದ್ದೂ ನನಗ್ಯಾಕೆ ಹೀಗೆ ಅಂತ ಅದಕ್ಕೇ ಇನ್ನೂ ಅಳು ಬರುತ್ತೆ.

ಸರ್ಜನ್ ಹತ್ರ ಹೇಳಿದೆ, ತೂಕ ಇಳೀತಾ ಇದ್ದಂಗೆ ಮನಸ್ಸೂ ಸರಿಹೋಗುತ್ತೆ ಅಂದ್ರು. ಮನೋವೈದ್ಯರ ಹತ್ರ ಇನ್ನೂ ಹೋಗಿಲ್ಲ, ಆಪರೇಷನ್ ವಿಷಯಾನೂ ಅವರಿಗೆ ಸರಿಯಾಗಿ ಹೇಳಿರಲಿಲ್ಲ. ಯಾರಿಗಾದ್ರೂ ಹೀಗಾಗಿದ್ಯಾ? ಮಾತ್ರೆ ಕೆಲಸ ಮಾಡ್ತಿಲ್ವೋ, ನಾನೇ ಮನಸ್ಸು ಗಟ್ಟಿ ಮಾಡ್ಕೋತಿಲ್ವೋ ಗೊತ್ತಾಗ್ತಿಲ್ಲ.

ಸಾಧನಕೇರಿ_ಮಳೆ:
ಅಕ್ಕಾರ, ಮೊದಲ ನಿಮ್ಮ ಮನಸ್ಸು ಗಟ್ಟಿ ಇಲ್ಲ ಅನ್ನೂ ಮಾತ ತಗದು ಹಾಕ್ರಿ. ನಾ ಧಾರವಾಡದಾಂವ, 2021ರಾಗ ಹೊಟ್ಟಿ ಸಣ್ಣದು ಮಾಡೂ ಸ್ಲೀವ್ ಆಪರೇಷನ್ ಮಾಡಿಸ್ಕೊಂಡೀನಿ. ನಂದೂ ಹಿಂಗ ಆಗಿತ್ರಿ, ಖರೇ ಅಂದ್ರ ಎಂಟನೇ ತಿಂಗಳದಾಗ. ಮೂವತ್ತ ಕೇಜಿ ಇಳದಿತ್ತು, ಹೊಸ ಅಂಗಿ ಹೊಲಿಸಿದ್ದೆ, ಅದನ್ನ ಹಾಕ್ಕೊಂಡು ಹೊರಗ ಹೋಗಾಕ ಮನಸ್ಸ ಇಲ್ಲ. ಬೇಸರ, ಮರವು, ಕೈಕಾಲ ಜೋಮು. ಡಿಪ್ರೆಶನ್ನ ಇರಬೇಕು ಅಂತ ಮಾತ್ರಿ ಡೋಸ್ ಏರಿಸಿದ್ರು, ಏನೂ ಉಪಯೋಗ ಆಗ್ಲಿಲ್ಲ. ಕಡೀಕ ಒಬ್ಬ ಫಿಜಿಷಿಯನ್ ರಕ್ತ ತಪಾಸ್ ಮಾಡ್ಸಿದ್ರ ಬಿ12 ತಳಾ ಕಂಡಿತ್ತು. ಹೊಟ್ಟಿ ಮುಕ್ಕಾಲು ಪಾಲು ಕತ್ತರಿಸಿ ತಗದಿರ್ತಾರಲ್ರಿ, ಬಿ12 ಹೀರಾಕ ಬೇಕಾದ ರಸಾ ಅಲ್ಲೇ ತಯಾರಾಗೂದು. ಅದ್ರಾಗ ನಾವು ಸಸ್ಯಾಹಾರಿ. ಇಂಜೆಕ್ಷನ್ ತಗೊಂಡ ಮ್ಯಾಲೆ ನಿಧಾನಕ ಮಬ್ಬ ಹರೀತು.

ಹಂಗಾರ ನಿಮ್ದೂ ಬಿ12 ಅಂತ ನಾ ಹೇಳಾಕತ್ತಿಲ್ಲ. ಎರಡೂ ಇರಬಹುದು. ಬಿ12, ಕಬ್ಬಿಣ, ಫೋಲೇಟ್, ವಿಟಮಿನ್ ಡಿ, ಥೈರಾಯ್ಡ್, ಇಷ್ಟು ನೋಡಸ್ರಿ. ವಾಂತಿ ಏನರ ಆಗಾಕತ್ತೇತೇನು? ದಿನಾ ವಾಂತಿ ಇದ್ರ ಅದನ್ನ ಭಾಳ ಜರೂರ ಹೇಳಬೇಕು ಡಾಕ್ಟರ್‌ಗೆ, ಥಯಾಮಿನ್ ಅಂದ್ರ ಬಿ1 ಕೆಲವೇ ವಾರದಾಗ ಖಾಲಿ ಆಗ್ತದ, ಅದು ಮೆದುಳಿಗೇ ಹೊಡೀತದ.

ಮಾತ್ರೆ_ಡಬ್ಬಿ:
ಮೇಡಂ, ನಾನು ತುಮಕೂರಲ್ಲಿ ಹದಿನೇಳು ವರ್ಷದಿಂದ ಔಷಧಿ ಅಂಗಡಿ ಇಟ್ಕೊಂಡಿರೋ ಫಾರ್ಮಾಸಿಸ್ಟ್. ನಿಮ್ಮ ಪೋಸ್ಟಲ್ಲಿ ಎರಡು ಅಕ್ಷರ ನೋಡಿ ಬರೀತಿದೀನಿ, ಎಕ್ಸ್‌ಆರ್.

ಎಕ್ಸ್‌ಆರ್, ಇಆರ್, ಎಸ್‌ಆರ್, ಸಿಆರ್ ಅಂತ ಸ್ಟ್ರಿಪ್ ಮೇಲೆ ಇದ್ರೆ ಆ ಔಷಧಿ ಒಂದೇ ಸಲ ಕರಗಲ್ಲ, ಹೊಟ್ಟೆಯಿಂದ ಕರುಳಿನುದ್ದಕ್ಕೂ ಸಾಗ್ತಾ ಗಂಟೆಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡೋ ಹಾಗೆ ಮಾಡಿರ್ತಾರೆ. ಬೈಪಾಸ್ ಆದಮೇಲೆ ನಿಮ್ಮ ಹೊಟ್ಟೆ ಅನ್ನೋದು ಸುಮಾರು 30 ಎಂಎಲ್ ಚೀಲ, ಅಂದ್ರೆ ಎರಡು ದೊಡ್ಡ ಚಮಚ. ಆ ಚೀಲದಲ್ಲಿ ಆಸಿಡ್ ಕಮ್ಮಿ, ಅಲ್ಲಿಂದ ಸಣ್ಣ ಕರುಳಿನ ಮೊದಲ ಭಾಗ ಪೂರ್ತಿ ಬಿಟ್ಟು ಮುಂದಕ್ಕೆ ಜೋಡಿಸಿರ್ತಾರೆ. ಬಹಳಷ್ಟು ಔಷಧಿ ಹೀರ್ಕೊಳ್ಳೋ ಜಾಗಾನೇ ಅದು. ದಾರಿ ಚಿಕ್ಕದಾಯ್ತು, ಮಾತ್ರೆ ಮಾತ್ರ ಉದ್ದ ದಾರಿಗೆ ಅಂತ ಮಾಡಿದ್ದು. ಹಾಗಾಗಿ ಬೈಪಾಸ್ ಆದೋರಿಗೆ ಆದಷ್ಟೂ ಸಾದಾ ಮಾತ್ರೆ ಇಲ್ಲಾ ದ್ರವ ರೂಪದ್ದು ಕೊಡೋದು ರೂಢಿ. ಎಲ್ರಿಗೂ ಒಂದೇ ತರ ಆಗಲ್ಲ, ಕೆಲವರಿಗೆ ಎಕ್ಸ್‌ಆರ್ ಸಹ ಸರಿಯಾಗೇ ಕೆಲಸ ಮಾಡುತ್ತೆ, ಆದ್ರೆ ನಿಮಗೆ ಆ ಕರೆಂಟ್ ಹೊಡೆದ ಹಾಗೆ ಆಗೋದು, ಕೆಟ್ಟ ಕನಸು, ಅದು ಈ ಮಾತ್ರೇನ ತಟ್ಟಂತ ಬಿಟ್ಟೋರಿಗೆ ಬರೋ ಲಕ್ಷಣ. ವೆನ್ಲಾಫಾಕ್ಸಿನ್‌ದು ಬೇಗ ಇಳಿದುಹೋಗೋ ಗುಣ, ಒಂದೆರಡು ದಿನ ತಪ್ಪಿದ್ರೂ ಹೀಗಾಗುತ್ತೆ. ನೀವು ದಿನಾ ನುಂಗ್ತಿದೀರಿ, ಮೈಗೆ ಅದು ಪೂರ್ತಿ ಸಿಗ್ತಿಲ್ಲ ಅಂತ ನನ್ನ ಅನುಮಾನ. ಈ ವಾರವೇ ಮನೋವೈದ್ಯರನ್ನ ನೋಡಿ, ಆಪರೇಷನ್ ಡಿಸ್ಚಾರ್ಜ್ ಸಮರಿ ಕೈಯಲ್ಲಿ ಹಿಡ್ಕೊಂಡು ಹೋಗಿ.

ಹಸಿರು_ಮನ:
ಅಕ್ಕ ಕ್ಯಾಪ್ಸೂಲ್ ಬಿಚ್ಚಿ ಪುಡಿ ಮಾಡಿ ಜೇನಲ್ಲಿ ಕಲಸಿ ತಗೊಳ್ಳಿ ಬೇಗ ಕರಗುತ್ತೆ. ಇಲ್ಲಾಂದ್ರೆ ಈ ಮಾತ್ರೆಗಳನ್ನೇ ಬಿಟ್ಬಿಡಿ, ಒಂದ್ಸಲ ಅಭ್ಯಾಸ ಆದ್ರೆ ಬಿಡೋಕಾಗಲ್ಲ. ದಿನಾ ಪ್ರಾಣಾಯಾಮ ಮಾಡಿ, ತೂಕ ಇಳಿದಮೇಲೆ ಡಿಪ್ರೆಶನ್ ಯಾಕೆ ಬೇಕು.

ಮಾತ್ರೆ_ಡಬ್ಬಿ:
ದಯವಿಟ್ಟು ಯಾರೂ ಹೀಗೆ ಮಾಡ್ಬೇಡಿ. ಎಕ್ಸ್‌ಆರ್ ಒಳಗಿರೋ ಸಣ್ಣ ಕಾಳುಗಳನ್ನ ಪುಡಿ ಮಾಡಿದ್ರೆ ಇಡೀ ದಿನದ ಡೋಸ್ ಒಂದೇ ಏಟಿಗೆ ರಕ್ತಕ್ಕೆ ಇಳಿಯುತ್ತೆ, ಬಿಪಿ ಏರುತ್ತೆ, ಎದೆ ಹೊಡ್ಕೊಳ್ಳುತ್ತೆ. ಡುಲೋಕ್ಸೆಟಿನ್ ಅನ್ನೋ ಇನ್ನೊಂದು ಡಿಪ್ರೆಶನ್ ಔಷಧಿಯ ಕಾಳಿಗೆ ಆಸಿಡ್ ತಡೆಯೋ ಲೇಪ ಇರುತ್ತೆ, ಅದನ್ನ ಪುಡಿ ಮಾಡಿದ್ರೆ ಔಷಧಿ ಕೆಟ್ಟೇ ಹೋಗುತ್ತೆ. ತಟ್ಟಂತ ಬಿಡೋದಂತೂ ಇನ್ನೂ ಕೆಟ್ಟದ್ದು. ಸಿರಪ್ ಬೇಕು ಅಂತ ನೀವೇ ಕೇಳಿ ತಗೊಳ್ಳೋದೂ ಬೇಡ, ಕೆಲವು ಸಿರಪ್‌ನಲ್ಲಿ ಸಕ್ಕರೆ, ಸಾರ್ಬಿಟಾಲ್ ಇರುತ್ತೆ, ಬೈಪಾಸ್ ಆದ ಹೊಟ್ಟೆಗೆ ಅದು ಆಗಿಬರಲ್ಲ. ಹಾಗೇ ಇನ್ನೊಂದು, ತಲೆನೋವು ಬಂತು ಅಂತ ಡೈಕ್ಲೋಫಿನಾಕ್, ಐಬುಪ್ರೊಫೆನ್ ತಗೊಂಡ್ರೆ ಹೊಲಿಗೆ ಹತ್ರ ಹುಣ್ಣಾಗುತ್ತೆ, ಡಿಪ್ರೆಶನ್ ಮಾತ್ರೆ ಜೊತೆಗೆ ಸೇರಿದ್ರೆ ರಕ್ತಸ್ರಾವದ ಭಯ ಜಾಸ್ತಿ. ನಮ್ಮ ಅಂಗಡಿಗೆ ಬರೋರಿಗೆ ಬಾಯಿ ನೋಯೋವರೆಗೂ ಹೇಳ್ತೀನಿ.

ಸಾಧನಕೇರಿ_ಮಳೆ:
ಹಸಿರು ಮನ ಅವರ, ಪ್ರಾಣಾಯಾಮ ನಾನೂ ಮಾಡ್ತೀನಿ, ಛಲೋನ ಐತಿ. ಆದ್ರ ಶುಗರ್ ಇದ್ದಾಂವಗ ಇನ್ಸುಲಿನ್ ಬಿಡು ಅಂತ ಹೇಳ್ತೀರೇನು? ಇದೂ ಹಂಗ. ನಮ್ಮ ದೊಡ್ಡಪ್ಪನ ಮಗಾ ಇಂಥಾ ಮಾತ ಕೇಳೇ ಮಾತ್ರಿ ಬಿಟ್ಟಿದ್ದ, ಅವನ ಮನಿ ಮಂದಿ ಪಟ್ಟ ಕಷ್ಟಾ ನಾ ಕಣ್ಣಾರೆ ನೋಡೀನಿ.

ಎಡಿಸನ್_ಕನ್ನಡತಿ:
ನ್ಯೂಜೆರ್ಸಿಯಿಂದ ಬರೀತಿದೀನಿ, ಮೂಲ ಹಾಸನ. ನನಗೆ ಬೈಪಾಸ್ ಆಗಿ ನಾಲ್ಕು ವರ್ಷ. ಇಲ್ಲಿ ಆಪರೇಷನ್‌ಗೆ ಮುಂಚೆ ಸೈಕಾಲಜಿಸ್ಟ್ ಜೊತೆ ಮಾತಾಡ್ಲೇಬೇಕು, ನನಗೆ ಅದು ಎರಡು ಸಲ ಆಯ್ತು, ಆಗ ಕಿರಿಕಿರಿ ಅನ್ಸಿತ್ತು, ಈಗ ಅದರ ಬೆಲೆ ಗೊತ್ತಾಗ್ತಿದೆ. ನನ್ನ ಸೈಕಿಯಾಟ್ರಿಸ್ಟ್ ಆಪರೇಷನ್‌ಗೆ ಎರಡು ತಿಂಗಳು ಮುಂಚೇನೇ ಸಿಆರ್ ಮಾತ್ರೆಯಿಂದ ಸಾದಾ ಮಾತ್ರೆಗೆ ಬದಲಾಯಿಸಿ, ಅದು ಒಗ್ಗುತ್ತಾ ನೋಡಿ ಆಮೇಲೇ ಕಳಿಸಿದ್ರು.

2012ರಲ್ಲಿ ಅಮೆರಿಕದಲ್ಲಿ ಬಂದ ಒಂದು ಸ್ಟಡಿ ಅವರು ನನಗೆ ತೋರ್ಸಿದ್ರು. ಡಿಪ್ರೆಶನ್ ಮಾತ್ರೆ ತಗೋತಿದ್ದ 12 ಜನರ ರಕ್ತದಲ್ಲಿ ಔಷಧಿ ಎಷ್ಟಿದೆ ಅಂತ ಬೈಪಾಸ್‌ಗೆ ಮುಂಚೆ, ಆಮೇಲೆ ಅಳೆದಿದಾರೆ. ಒಂದು ತಿಂಗಳಿಗೆ 8 ಜನರಲ್ಲಿ ಸರಾಸರಿ 54 ಪರ್ಸೆಂಟ್‌ಗೆ ಇಳಿದಿತ್ತು, ಅಂದ್ರೆ ಹತ್ರ ಹತ್ರ ಅರ್ಧ. ಆರು ತಿಂಗಳ ಹೊತ್ತಿಗೆ ಅವರಲ್ಲಿ 6 ಜನರಿಗೆ ಮೊದಲಿನ ಮಟ್ಟಕ್ಕೆ ವಾಪಸ್ ಬಂದಿತ್ತು. ಸಣ್ಣ ಸ್ಟಡಿ ಹೌದು, ಆದ್ರೆ ನಿಮ್ಮ ಮೂರನೇ ವಾರ ಅನ್ನೋ ಮಾತು ಓದಿದ ತಕ್ಷಣ ನನಗೆ ಅದೇ ನೆನಪಾಯ್ತು. ಅರ್ಧ ಮಾತ್ರೆಯಲ್ಲಿ ಎರಡು ತಿಂಗಳಿಂದ ಸ್ಕೂಲು, ಮನೆ ಎರಡೂ ನಡೆಸಿದೀರ ಅಂತ ಇಟ್ಕೊಳ್ಳಿ, ಅದನ್ನ ದುರ್ಬಲ ಮನಸ್ಸು ಅಂತ ಯಾರು ಹೇಳ್ತಾರೆ?

ಇನ್ನೊಂದು ಹೇಳ್ಬೇಕು. ನನಗೆ ಮನಸ್ಸು ಕೆಟ್ಟಾಗ ಕೈ ಸೀದಾ ಕೋಡುಬಳೆ ಡಬ್ಬಿಗೆ ಹೋಗ್ತಿತ್ತು. ಅಮ್ಮನ ಜೊತೆ ಫೋನಲ್ಲಿ ಜಗಳ ಆದ್ರೆ ಕೋಡುಬಳೆ, ಆಫೀಸಲ್ಲಿ ಬೈಸ್ಕೊಂಡ್ರೆ ಕೋಡುಬಳೆ. ಮೂವತ್ತು ವರ್ಷ ಜೊತೆಗಿದ್ದ ಸಮಾಧಾನ ಅದು. ಆಪರೇಷನ್ ಆ ಡಬ್ಬಿನ ಕಿತ್ಕೊಂಡ್ತು, ದುಃಖ ಮಾತ್ರ ಅಲ್ಲೇ ಇತ್ತು. ಸೀರಿಯಸ್ಸಾಗಿ ಹೇಳ್ತಿದೀನಿ, ಹತ್ತಿರದವರು ಯಾರೋ ಹೋದ ಹಾಗೆ ಶೋಕ ಆಯ್ತು ನನಗೆ. ಅದಕ್ಕೆ ಮಾತ್ರೆ ಸಾಲಲ್ಲ, ಮಾತಾಡ್ಬೇಕು, ಥೆರಪಿ ನನಗೆ ಅಲ್ಲೇ ಕೈ ಹಿಡೀತು.

ತುಂಗಾ_ದಡ:
ಎಲ್ರೂ ಬರ್ದಿದ್ದು ಮೂರ್ಮೂರು ಸಲ ಓದಿದೆ. ಶುಕ್ರವಾರಕ್ಕೆ ಅಪಾಯಿಂಟ್‌ಮೆಂಟ್ ತಗೊಂಡೆ. ವಾಂತಿ ಇಲ್ಲ ಸರ್. ಆದ್ರೆ ಹೋದ ಭಾನುವಾರ ಗೃಹಪ್ರವೇಶಕ್ಕೆ ಹೋಗಿದ್ದೆ, ಬಲವಂತ ಮಾಡಿದ್ರು ಅಂತ ಅರ್ಧ ಹೋಳಿಗೆ ತಿಂದೆ, ಇಪ್ಪತ್ತು ನಿಮಿಷಕ್ಕೆ ಮೈಯೆಲ್ಲ ಬೆವರು, ಎದೆ ಡವಡವ, ಕೈ ನಡುಕ, ಪ್ಯಾನಿಕ್ ಅಟ್ಯಾಕ್ ಬಂತು ಅಂತ ಚಪ್ಪಲಿ ಹಾಕೋದೂ ಮರೆತು ಆಟೋ ಹತ್ತಿದೆ. ಇದೂ ಡಿಪ್ರೆಶನ್ನೇನಾ?

ಕೋಡುಬಳೆ ಮಾತು ಓದಿ ತುಂಬಾ ಅತ್ತೆ ಅಕ್ಕ. ಒಂದೊಂದ್ಸಲ ಮಲಗಿದೋಳು ಬೆಳಿಗ್ಗೆ ಏಳದೇ ಇದ್ರೇ ಚೆನ್ನಾಗಿತ್ತು ಅನ್ಸುತ್ತೆ. ಇದನ್ನ ಮನೇಲಿ ಯಾರಿಗೂ ಹೇಳಿಲ್ಲ.

ಮಾತ್ರೆ_ಡಬ್ಬಿ:
ಹೋಳಿಗೆದು ಡಂಪಿಂಗ್ ಇರಬಹುದು ಮೇಡಂ, ಸಿಹಿ ಒಂದೇ ಸಲ ಕರುಳಿಗೆ ಇಳಿದಾಗ ಹಾಗಾಗುತ್ತೆ, ನೋಡೋಕೆ ಥೇಟ್ ಪ್ಯಾನಿಕ್ ತರಾನೇ ಇರುತ್ತೆ. ಏನು ತಿಂದ್ರಿ, ಎಷ್ಟೊತ್ತಿಗೆ ಶುರುವಾಯ್ತು ಅಂತ ಬರೆದಿಟ್ಟು ಶುಕ್ರವಾರ ತೋರ್ಸಿ. ಆದ್ರೆ ನೀವು ಕೊನೇಲಿ ಬರ್ದಿದ್ದು ಎಲ್ಲಕ್ಕಿಂತ ಮುಖ್ಯ. ಅದಕ್ಕೆ ನನಗಿಂತ ತಿಳಿದೋರು ಉತ್ತರ ಕೊಡಲಿ.

ಕಡಲ_ಕರೆ:
ನಾನು ಮಂಗಳೂರಿನವಳು, ಮಾನಸಿಕ ವಾರ್ಡಿನಲ್ಲಿ ಹದಿನಾಲ್ಕು ವರ್ಷ ನರ್ಸ್ ಆಗಿದ್ದವಳು. ತುಂಗಾ ಅವರೇ, ನೇರ ಕೇಳ್ತೇನೆ, ಬೇಸರ ಮಾಡ್ಬೇಡಿ. ಏಳದಿದ್ರೆ ಚೆನ್ನಾಗಿತ್ತು ಅನ್ನುವುದು ಒಂದು, ನಾನೇ ಏನಾದ್ರೂ ಮಾಡಿಕೊಳ್ಬೇಕು ಅನ್ನುವುದು ಇನ್ನೊಂದು. ಆ ಎರಡನೇ ಯೋಚನೆ ಬರ್ತದಾ? ಹೀಗೆ ಕೇಳಿದ್ರೆ ಯೋಚನೆ ಹೆಚ್ಚಾಗ್ತದೆ ಅಂತ ಜನ ಹೆದರ್ತಾರೆ, ಹಾಗೇನೂ ಇಲ್ಲ. ಬರ್ತದೆ ಅಂತಾದ್ರೆ ಶುಕ್ರವಾರದವರೆಗೆ ಕಾಯುವುದು ಬೇಡ, ಇವತ್ತೇ ಆಸ್ಪತ್ರೆಗೆ ಹೋಗಿ. ಬರದಿದ್ರೂ ಇವತ್ತು ರಾತ್ರಿ ಮನೆಯಲ್ಲಿ ಒಬ್ಬರಿಗಾದ್ರೂ ಹೇಳಿ. ಒಳಲೆಯಲ್ಲಿ ಗಂಜಿ ಕೊಟ್ಟ ಅತ್ತೆ ಇದ್ದಾರಲ್ಲ, ಅವರಿಗೇ ಹೇಳಿ. ಮಾತ್ರೆ ಡಬ್ಬಿ ಸ್ವಲ್ಪ ದಿನ ಅವರ ಹತ್ತಿರ ಇರಲಿ, ದಿನದ್ದು ದಿನ ಅವರೇ ಕೊಡ್ಲಿ.

14416, ಇದು ಮನಸ್ಸಿನ ಕಷ್ಟಕ್ಕೆ ಇರುವ ಸರಕಾರದ ಸಹಾಯವಾಣಿ ಟೆಲಿ ಮಾನಸ್ ನಂಬರ್, ಹಗಲೂ ರಾತ್ರಿ ಉಂಟು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದದ್ದು, ನಮ್ಮ ನಿಮ್ಹಾನ್ಸ್ ಅದಕ್ಕೆ ಮುಖ್ಯ ಕೇಂದ್ರ. ರಾತ್ರಿ ಎರಡು ಗಂಟೆಗೆ ಮನೆಯವರನ್ನು ಎಬ್ಬಿಸಲು ಮನಸ್ಸಾಗದಿದ್ರೆ ಅದಕ್ಕೆ ಫೋನ್ ಮಾಡಿ.

ಬೇರೆಯವರಿಗೂ ಹೇಳ್ತೇನೆ. ಕೆನಡಾದ ಒಂಟಾರಿಯೋದಲ್ಲಿ ಈ ಆಪರೇಷನ್ ಆದ 8,815 ಜನರನ್ನು ಗಮನಿಸಿದ್ದಾರೆ, ತಮಗೆ ತಾವೇ ಹಾನಿ ಮಾಡಿಕೊಂಡು ಎಮರ್ಜೆನ್ಸಿಗೆ ಬರುವುದು ಆಪರೇಷನ್ ನಂತರ ಹೆಚ್ಚಿತ್ತು, ಅದೂ ಬಹುಪಾಲು ಎರಡನೇ, ಮೂರನೇ ವರ್ಷದಲ್ಲಿ. ಅಷ್ಟರಲ್ಲಿ ತೂಕ ಇಳಿದಿರ್ತದೆ, ಚೆಕಪ್ಪಿಗೆ ಹೋಗುವುದು ನಿಂತಿರ್ತದೆ, ಹೇಗಿದ್ದೀರಿ ಅಂತ ಕೇಳುವವರು ಯಾರೂ ಇರುವುದಿಲ್ಲ. ಹಾಗೆ ಆಗುವವರು ಸಂಖ್ಯೆಯಲ್ಲಿ ಕಡಿಮೆಯೇ, ಆದ್ರೂ ಮನೆಯವರು ತೂಕದ ಮೆಷಿನ್ ಒಂದನ್ನೇ ನೋಡ್ತಾ ಕೂತ್ಕೊಳ್ಬಾರದು.

ತುಂಗಾ_ದಡ:
ಏನಾದ್ರೂ ಮಾಡ್ಕೋಬೇಕು ಅಂತ ಯೋಚನೆ ಬಂದಿಲ್ಲ ಸಿಸ್ಟರ್. ಅತ್ತೆಗೆ ಹೇಳಿದೆ ಈಗ. ಅವರು ಏನೂ ಮಾತಾಡ್ಲಿಲ್ಲ, ಅಡುಗೆಮನೆ ಲೈಟ್ ಆರಿಸಿ ಬಂದು ನನ್ನ ರೂಮಲ್ಲೇ ಚಾಪೆ ಹಾಸ್ಕೊಂಡ್ರು. ಡಬ್ಬಿ ಅವರ ಸೆರಗಲ್ಲಿದೆ.

ಗದ್ದೆ_ಬದು:
ಅಕ್ಕೋ ಮಂಡ್ಯದೋನು ನಾನು, ಬೈಪಾಸ್ ಆಗಿ ಮೂರ್ ವರ್ಸ. ಯಾರೂ ಯೋಳ್ನಿಲ್ಲ ಅಂತ ಇದ ಬರೀತಾವ್ನಿ. ನಂಗೂ ಬ್ಯಾಸರ ಸುರುವಾದಾಗ ಡಾಕುಟ್ರ ತಾವ ಓಗ್ನಿಲ್ಲ, ಸಂಜೆ ಒಂದು ಪೆಗ್ಗು ಆಕ್ಕಂಡ್ರೆ ನಿದ್ದೆ ಬತ್ತದೆ ಅಂತ ಸುರು ಮಾಡ್ದೆ. ಮೊದ್ಲು ಮೂರು ಪೆಗ್ಗಿಗೂ ಏನೂ ಆಗ್ತಿರ್ನಿಲ್ಲ ನಂಗೆ, ಆಪರೇಸನ್ ಆದ್ಮೇಲೆ ಒಂದಕ್ಕೇ ಐದು ನಿಮಿಸ್ದಲ್ಲಿ ತಲೆಗೆ ಏರ್ಬುಡದು. ಒಂದು ಎಲ್ಡಾಯ್ತು, ದಿನಾ ಆಯ್ತು. ಡಿಪ್ರೆಸನ್ ಮಾತ್ರೆ ಮ್ಯಾಲೆ ಎಣ್ಣೆ, ಮಾತ್ರೆ ಏನ್ ಕೆಲ್ಸ ಮಾಡ್ತದೆ ಯೋಳಿ. ಗಾಡಿಲಿ ಬಿದ್ದು ಕಾಲರ್ ಬೋನ್ ಮುರ್ಕಂಡ ಮ್ಯಾಕೆ ನನ್ನೆಡ್ತಿ ಕರ್ಕಂಡೋಗಿ ಸೇರುಸುದ್ಲು. ಬುಟ್ಟು ಹನ್ನೊಂದು ತಿಂಗ್ಳಾಯ್ತು. ಆಪರೇಸನ್ ಆದ ಗಂಡುಸ್ರು ಯಾರಾದ್ರೂ ಇದ ಓದ್ತಿದ್ರೆ, ಉಸಾರು ಕಣ್ರಪ್ಪ.

ಎಡಿಸನ್_ಕನ್ನಡತಿ:
ಅಣ್ಣ, ಇದನ್ನ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಹೆಂಗಸರಿಗೂ ಇದು ಅಷ್ಟೇ ನಿಜ, ಇಲ್ಲಿ ನಮ್ಮ ಗುಂಪಲ್ಲಿ ಇಬ್ಬರು ವೈನ್‌ನಿಂದ ಇದೇ ದಾರಿ ಹಿಡಿದಿದ್ರು. ಎರಡನೇ ವರ್ಷದಿಂದ ಮುಂದೆ ಜಾಸ್ತಿ ಅಂತ ನಮ್ಮ ಡಾಕ್ಟರ್ ಕೂಡ ಹೇಳ್ತಾರೆ. ಹನ್ನೊಂದು ತಿಂಗಳು ಸಣ್ಣ ವಿಷಯ ಅಲ್ಲ.

ತುಂಗಾ_ದಡ:
ಶುಕ್ರವಾರ ಹೋಗಿ ಬಂದೆ. ಮನೋವೈದ್ಯರು ಮೊದಲು ಬೈದ್ರು, ಆಪರೇಷನ್ ಮಾಡಿಸ್ಕೊಳ್ಳೋದು ನನಗೆ ಯಾಕಮ್ಮ ಹೇಳ್ಲಿಲ್ಲ ಅಂತ, ಆಮೇಲೆ ನಾನು ಬರೆದಿಟ್ಟಿದ್ದ ಚೀಟಿ ಪೂರ್ತಿ ಓದಿದ್ರು. ಅದೇ ಔಷಧಿಯ ಸಾದಾ ಮಾತ್ರೆ, ದಿನಕ್ಕೆ ಎರಡು ಸಲ ತಗೊಳ್ಳೋ ಹಾಗೆ ಬದಲಾಯಿಸಿದ್ರು. ವಾರಕ್ಕೊಮ್ಮೆ ಬಿಪಿ ನೋಡಿಸ್ಬೇಕು, ಮೊದಲ ತಿಂಗಳು ಹದಿನೈದು ದಿನಕ್ಕೊಮ್ಮೆ ಬರ್ಬೇಕು. ಮಿರ್ಟಾಜಪಿನ್ ಅನ್ನೋ ಇನ್ನೊಂದು ಡಿಪ್ರೆಶನ್ ಮಾತ್ರೆ ನಿದ್ದೆಗೆ ಒಳ್ಳೇದು ಆದ್ರೆ ಹಸಿವು, ತೂಕ ಎರಡೂ ಜಾಸ್ತಿ ಮಾಡುತ್ತೆ, ಸದ್ಯಕ್ಕೆ ಬೇಡ ಅಂದ್ರು. ನನ್ನ ಎದುರೇ ಸರ್ಜನ್‌ಗೆ ಫೋನ್ ಮಾಡಿ ಮಾತಾಡಿದ್ರು, ನನಗೆ ಅದೇ ಅರ್ಧ ಸಮಾಧಾನ. ಇಬ್ಬರು ಡಾಕ್ಟರೂ ಒಬ್ಬರಿಗೊಬ್ಬರು ಮಾತಾಡೋ ಹಾಗೆ ನಾನೇ ಮೊದಲು ಮಾಡ್ಬೇಕಿತ್ತು. ರಕ್ತದಲ್ಲಿ ಬಿ12 ಕಮ್ಮಿ, ವಿಟಮಿನ್ ಡಿ ಕಮ್ಮಿ, ಕಬ್ಬಿಣ ಪರವಾಗಿಲ್ಲ. ಧಾರವಾಡದ ಸರ್ ನಿಮ್ಮ ಮಾತು ನಿಜ ಆಯ್ತು, ಇಂಜೆಕ್ಷನ್ ಶುರುವಾಗಿದೆ.

ಸಾಧನಕೇರಿ_ಮಳೆ:
ಭಾಳ ಛಲೋ ಆತ್ರಿ ಅಕ್ಕಾರ. ಒಂದ ಮಾತ, ಇಂಜೆಕ್ಷನ್ ಕಾರ್ಡ್ ಮಾಡಿಸ್ಕೊಂಡು ತಾರೀಖು ಹಾಕಿ ಇಟ್ಕೋರಿ. ಆರಾಮ ಆತು ಅಂತ ನಾ ನಡಕ ಬಿಟ್ಟಿದ್ದೆ, ಮತ್ತ ಅದೇ ಹಾಡು ಆತು. ವಿಟಮಿನ್ನ ನಮಗ ಜೀವನ ಪೂರ್ತಿ.

ತುಂಗಾ_ದಡ:
ಏಳು ವಾರ ಆದಮೇಲೆ ಬರೀತಿದೀನಿ. ತಲೆಯೊಳಗಿನ ಕರೆಂಟ್ ಐದೇ ದಿನಕ್ಕೆ ನಿಂತ್ತು. ಅಳು ನಿಲ್ಲೋಕೆ ಸುಮಾರು ಒಂದು ತಿಂಗಳು ಬೇಕಾಯ್ತು. ಈಗ್ಲೂ ಕೆಟ್ಟ ದಿನ ಬರುತ್ತೆ, ಕೂದಲು ಬಾಚಣಿಗೆ ತುಂಬ ಉದುರ್ತಿದೆ, ತೋಳಿನ ಚರ್ಮ ಜೋತು ಬಿದ್ದಿದೆ ಅಂತ ಕನ್ನಡಿ ಮುಂದೆ ಬೇಜಾರಾಗುತ್ತೆ. ಸೋಮವಾರ ಏಳನೇ ಕ್ಲಾಸಿಗೆ ಭಿನ್ನರಾಶಿ ಮಾಡ್ತಿದ್ದೆ, ಬೆಲ್ ಆಗಿದ್ದೇ ಗೊತ್ತಾಗ್ಲಿಲ್ಲ ನನಗೆ, ಮಕ್ಕಳೇ ಮಿಸ್ ಬೆಲ್ ಆಯ್ತು ಅಂದ್ರು. ಎಷ್ಟು ತಿಂಗಳಾಗಿತ್ತೋ ಹಾಗೆ ಪಾಠದಲ್ಲಿ ಮುಳುಗಿ. ಅತ್ತೆ ಇನ್ನೂ ಡಬ್ಬಿ ವಾಪಸ್ ಕೊಟ್ಟಿಲ್ಲ, ನಾನೂ ಕೇಳಿಲ್ಲ.

ಬೆಳಗಿನ_ಬಸ್:
ಹೊಸಬ. ಇಡೀ ಚರ್ಚೆ ಈಗ ಓದಿದೆ. ನನಗೆ ಮುಂದಿನ ತಿಂಗಳು ಸ್ಲೀವ್ ಇದೆ, ಹತ್ತು ವರ್ಷದಿಂದ ಮನಸ್ಸಿನ ಏರುಪೇರಿಗೆ ಕೊಡೋ ಲಿಥಿಯಂ ಮಾತ್ರೆ ತಗೋತಿದೀನಿ. ನನ್ನ ಮಾತ್ರೇನೂ ಹೀಗೆ ಮೈಗೆ ಹತ್ತದೇ ಹೋಗುತ್ತಾ? ಸರ್ಜನ್ ಹತ್ರ ಬರೀ ನರದ ಮಾತ್ರೆ ಅಂತ ಹೇಳಿದೀನಿ.

ಮಾತ್ರೆ_ಡಬ್ಬಿ:
ಸರ್, ಲಿಥಿಯಂ ಉಲ್ಟಾ. ಅದು ರಕ್ತದಲ್ಲಿ ಕಮ್ಮಿ ಆಗೋದಕ್ಕಿಂತ ಜಾಸ್ತಿ ಆಗೋ ಭಯ. ಆಪರೇಷನ್ ಆದಮೇಲೆ ನೀರು ಕುಡಿಯೋದು ಕಮ್ಮಿ ಆಗುತ್ತೆ, ತೂಕ ಬೇಗ ಇಳಿಯುತ್ತೆ, ಅದೇ ಡೋಸ್ ವಿಷ ಆಗಬಹುದು. ಕೈ ಜೋರಾಗಿ ನಡುಗೋದು, ವಾಂತಿ ಭೇದಿ, ನಡೆದ್ರೆ ತೂರಾಡೋದು, ಮಾತು ತೊದಲೋದು ಕಂಡ್ರೆ ತಕ್ಷಣ ಆಸ್ಪತ್ರೆ. ನರದ ಮಾತ್ರೆ ಅಂದ್ರೆ ಅವರಿಗೆ ಏನೂ ಗೊತ್ತಾಗಲ್ಲ, ಹೆಸರು, ಡೋಸ್ ಎರಡೂ ಹೇಳ್ಲೇಬೇಕು. ಆಪರೇಷನ್‌ಗೆ ಮುಂಚೆ ಒಂದ್ಸಲ, ಆಮೇಲೆ ಪದೇ ಪದೇ ಲಿಥಿಯಂ ಲೆವೆಲ್, ಕಿಡ್ನಿ ಟೆಸ್ಟ್ ಎಷ್ಟು ದಿನಕ್ಕೊಮ್ಮೆ ಅಂತ ಮನೋವೈದ್ಯರ ಹತ್ರ ಈಗಲೇ ಬರೆಸ್ಕೊಳ್ಳಿ. ನೀವಾಗೇ ನಿಲ್ಲಿಸ್ಬೇಡಿ.

ತುಂಗಾ_ದಡ:
ಸ್ಟ್ರಿಪ್‌ನೇ ಜೇಬಲ್ಲಿ ಇಟ್ಕೊಂಡು ಹೋಗಿ ಸರ್, ಟೇಬಲ್ ಮೇಲೆ ಇಡಿ. ನನಗೂ ಬಾಯಲ್ಲಿ ಹೇಳೋಕೆ ನಾಚಿಕೆ ಆಗ್ತಿತ್ತು. ಯಾವತ್ತು ಹೋಗ್ತೀರ?

ಬೆಳಗಿನ_ಬಸ್:
ಬುಧವಾರ ಬೆಳಿಗ್ಗೆ ಮನೋವೈದ್ಯರು, ಮಧ್ಯಾಹ್ನ ಸರ್ಜನ್. ಹೋಗಿ ಬಂದು ಬರೀತೀನಿ.